ಐಸ್‌ಲ್ಯಾಂಡಿನ ಬೇಸಿಗೆಗೆ ಮಡಿಕೇರಿಯಲ್ಲಿ ಕಟ್ಟಿದ ಚೀಲ

ಮಳೆ, ಮಂಜು, ಥಂಡಿಯ ವಿಷಯದಲ್ಲಿ ಕೊಡಗಿನವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ ಎಂಬ ಹೆಮ್ಮೆ ನನಗೂ ಇತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಮಡಿಕೇರಿಯ ಪಕ್ಕದಲ್ಲೇ ಕಾಫಿ ತೋಟ ಮಾಡಿಕೊಂಡು ಐವತ್ತೆಂಟು ಮಳೆಗಾಲ ಕಳೆದವನಿಗೆ, ವರ್ಷವಿಡೀ ಸುರಿದರೂ ಎಂಟುನೂರು ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ನಗರದ ಮಳೆ ಏನು ಮಾಡೀತು ಎಂದು ಅನಿಸುವುದು ಸಹಜ. ಆದರೆ 2017ರ ಜೂನ್‌ನಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಪಟ್ಟ ಪಾಡು ಮರೆತಿರಲಿಲ್ಲವಾದ್ದರಿಂದ, 2024ರ ಜುಲೈನಲ್ಲಿ ಮಗಳ ಜೊತೆ ಹನ್ನೆರಡು ದಿನ ಐಸ್‌ಲ್ಯಾಂಡ್ ಸುತ್ತಲು ಹೊರಟಾಗ ನಾನೂ ನನ್ನ ಹೆಂಡತಿಯೂ ಬಟ್ಟೆಯ ಲೆಕ್ಕವನ್ನು ಮೊದಲಿನಿಂದ ಹಾಕಿದೆವು.

ಸ್ಕಾಟ್ಲೆಂಡಿಗೆ ನಾನು ಒಯ್ದದ್ದು ಎರಡು ಜೀನ್ಸ್, ಮೂರು ದಪ್ಪ ಸ್ವೆಟರ್, ತೋಟದಲ್ಲಿ ಹಾಕುವಂಥದ್ದೇ ಒಂದು ಪ್ಲಾಸ್ಟಿಕ್ ಮಳೆಕೋಟು ಮತ್ತು ಮರದ ಹಿಡಿಯ ಉದ್ದನೆಯ ಕೊಡೆ. ಜೂನ್ ತಿಂಗಳಲ್ಲಿ ಕೊಡೆಯಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟು ಅಭ್ಯಾಸವೇ ಇಲ್ಲದವನಿಗೆ ಕೊಡೆಯನ್ನು ಬಿಟ್ಟು ಹೋಗುವ ಯೋಚನೆ ಹೊಳೆಯುವುದಾದರೂ ಹೇಗೆ? ಸ್ಕೈ ದ್ವೀಪದಲ್ಲಿ ಕಾರಿನಿಂದಿಳಿದು ಅದನ್ನು ಬಿಡಿಸಿದ್ದೇ ತಡ, ಗಾಳಿ ಅದನ್ನು ತಿರುವಿಹಾಕಿ ಕಡ್ಡಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿತು. ಅಲ್ಲಿಯ ಮಳೆ ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಪಕ್ಕದಿಂದ ಬರುತ್ತದೆ. ತೊಡೆಯವರೆಗೆ ನೆನೆದ ಜೀನ್ಸ್ ಮೂರನೆಯ ದಿನವೂ ಸೊಂಟಪಟ್ಟಿಯಲ್ಲಿ ಹಸಿಯಾಗಿಯೇ ಇತ್ತು. ಪ್ಲಾಸ್ಟಿಕ್ ಕೋಟು ಹೊರಗಿನ ನೀರನ್ನು ತಡೆಯಿತು, ನಿಜ. ಆದರೆ ಏರು ಹತ್ತುವಾಗ ಬಂದ ಬೆವರೂ ಅದರೊಳಗೇ ಉಳಿದು, ಮೇಲೆ ಹೋಗಿ ನಿಂತಾಗ ಸ್ವೆಟರು ಒಳಗಿನಿಂದಲೇ ತೊಯ್ದು ನಡುಕ ಹುಟ್ಟಿಸಿತು. ಚಳಿಗೆ ದಪ್ಪ ಬಟ್ಟೆ, ಮಳೆಗೆ ಕೊಡೆ ಎಂಬ ನನ್ನ ಲೆಕ್ಕ ಎರಡು ಕಡೆಯೂ ತಪ್ಪಿತ್ತು.

ಐಸ್‌ಲ್ಯಾಂಡಿನ ಉಷ್ಣಾಂಶದ ಅಂಕಿಗಳನ್ನು ನೋಡಿದರೆ ಈ ತಪ್ಪು ಮತ್ತೆ ಮಾಡುವಂತೆಯೇ ಇದೆ. ಜುಲೈನಲ್ಲಿ ರೇಕ್ಯಾವಿಕ್‌ನ ಹಗಲು ಹದಿಮೂರು ಹದಿನೈದು ಡಿಗ್ರಿ, ರಾತ್ರಿ ಒಂಬತ್ತರ ಆಸುಪಾಸು. ಜನವರಿಯ ಬೆಳಗಿನ ಜಾವ ನಮ್ಮ ಕಾಫಿ ಕಣದಲ್ಲಿ ನಿಂತಾಗಿನ ಚಳಿಗಿಂತ ಇದೇನು ಹೆಚ್ಚಲ್ಲವಲ್ಲ ಎನಿಸುತ್ತದೆ. ಅಂಕಿಯಲ್ಲಿ ಕಾಣದಿರುವುದು ಗಾಳಿ. ಹತ್ತು ಡಿಗ್ರಿಯಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಆರು ಡಿಗ್ರಿಯ ಚಳಿ ಹೊಡೆದಂತಾಗುತ್ತದೆ. ಅದರ ಮೇಲೆ ಬಟ್ಟೆ ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ, ಏಕೆಂದರೆ ನಿಶ್ಚಲವಾದ ಗಾಳಿಗಿಂತ ನೀರು ಮೈಯ ಶಾಖವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಎಳೆದುಕೊಳ್ಳುತ್ತದೆ. ಬಟ್ಟೆ ಬೆಚ್ಚಗಿಡುವುದು ತನ್ನ ದಪ್ಪದಿಂದಲ್ಲ, ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಹತ್ತಿ ನೆನೆದಾಗ ಆ ಗಾಳಿಯ ಜಾಗವನ್ನೆಲ್ಲ ನೀರಿಗೆ ಬಿಟ್ಟುಕೊಟ್ಟು ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಎಳೆಗಳ ನಡುವಿನ ಗಾಳಿಯನ್ನೂ ಪೂರ್ತಿ ಕಳೆದುಕೊಳ್ಳುವುದಿಲ್ಲ. ಇದನ್ನು ಓದಿ ತಿಳಿಯುವ ಅಗತ್ಯ ನನಗೇನೂ ಇರಬಾರದಿತ್ತು. ನನ್ನ ಅಜ್ಜ ಗದ್ದೆಯಲ್ಲಿ ಆಳುಗಳೊಂದಿಗೆ ದಿನವಿಡೀ ನಿಲ್ಲುತ್ತಿದ್ದುದು ಕಂಬಳಿಕೊಪ್ಪೆ ಹೊದ್ದುಕೊಂಡೇ. ಆ ಕಂಬಳಿ ನೆನೆದು ಕುರಿಯಂತೆ ನಾತ ಬೀರುತ್ತಿತ್ತು, ಭಾರವೂ ಆಗುತ್ತಿತ್ತು, ಆದರೆ ಅಜ್ಜ ನಡುಗಿದ್ದನ್ನು ನಾನು ಕಂಡಿಲ್ಲ.

ಚೀಲ ಕಟ್ಟುವುದರಲ್ಲಿ ನಮ್ಮವರು ಮಾಡುವ ಇನ್ನೊಂದು ತಪ್ಪು ನಮ್ಮ ಮಳೆಗಾಲವೇ ಕಲಿಸಿದ್ದು. ಜುಲೈನಲ್ಲಿ ನಮ್ಮ ಮನೆಗಳಲ್ಲಿ ಒಗೆದ ಬಟ್ಟೆ ನಾಲ್ಕೈದು ದಿನ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆಯ ವಾಸನೆ, ಒಣಗಿಸದಿದ್ದರೆ ಮುಗ್ಗಲು ವಾಸನೆ, ಅಲಮಾರಿಯಲ್ಲಿಟ್ಟ ಬೆಲ್ಟಿಗೆ ಬೂಸ್ಟು. ಹೀಗಾಗಿ ಎಲ್ಲಿಗೆ ಹೊರಟರೂ ಹತ್ತು ದಿನಕ್ಕೆ ಹತ್ತು ಜೊತೆ ಎಂದು ದಿನದ ಲೆಕ್ಕದಲ್ಲಿ ಬಟ್ಟೆ ತುಂಬುವುದು ನಮಗೆ ರೂಢಿ. ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳನ್ನು ಭೂಮಿಯೊಳಗಿನ ಬಿಸಿನೀರಿನಿಂದಲೇ ಕಾಯಿಸುತ್ತಾರೆ. ಹೆಚ್ಚಿನ ಕೋಣೆಗಳಲ್ಲಿ ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ರೇಡಿಯೇಟರು ಇರುತ್ತದೆ, ರಾತ್ರಿ ಅದರ ಮೇಲೆ ಹಾಕಿದ ಉಣ್ಣೆಯ ಕಾಲುಚೀಲ ಬೆಳಿಗ್ಗೆ ಗರಿಗರಿಯಾಗಿರುತ್ತದೆ. ಮಗಳು ಫೋನಿನಲ್ಲಿ ಇದನ್ನು ಹೇಳಿದ ಮೇಲೆ ನಾನು ದಿನದ ಲೆಕ್ಕ ಬಿಟ್ಟೆ. ಒಂದೇ ಹೊತ್ತಿನಲ್ಲಿ ಮೈಮೇಲೆ ಹೆಚ್ಚೆಂದರೆ ಎಷ್ಟು ಪದರ ಬೇಕಾದೀತು, ಅದರಲ್ಲಿ ಮೈಗೆ ತಾಗುವುದಕ್ಕೆ ಮಾತ್ರ ಬದಲಿ ಬೇಕು, ಉಳಿದವು ಹೆಚ್ಚಾಗಿ ಒಂದೊಂದೇ ಸಾಕು ಎಂದು ಪದರದ ಲೆಕ್ಕ ಹಾಕಿದೆ.

ಆ ಲೆಕ್ಕದಲ್ಲಿ ಮೈಗೆ ತಾಗುವ ಪದರಕ್ಕೆ ಮೆರಿನೊ ಉಣ್ಣೆಯ ತೆಳು ತುಂಬುತೋಳಿನ ಎರಡು ಬನಿಯನ್ನು, ಅದರ ಮೇಲೆ ಎರಡು ಸಾಮಾನ್ಯ ಅಂಗಿ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಪಾಲಿಯೆಸ್ಟರ್ ಮೇಲಂಗಿ ಒಂದು, ಅದಕ್ಕೂ ಮೇಲೆ ಕೃತಕ ಹತ್ತಿ ತುಂಬಿದ ಹಗುರ ಜಾಕೆಟ್ಟು, ಎಲ್ಲದರ ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಕೋಟು ಬಂದವು. ಪಕ್ಷಿಯ ತುಪ್ಪಳ ತುಂಬಿದ ಜಾಕೆಟ್ಟು ಇನ್ನೂ ಹಗುರ, ಇನ್ನೂ ಬೆಚ್ಚಗೆ. ಆದರೆ ನೆನೆದರೆ ತುಪ್ಪಳ ಮುದ್ದೆ ಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ ಎಂದು ಅದನ್ನು ಕೊಳ್ಳಲಿಲ್ಲ. ಕೆಳಗೆ ಬೇಗ ಒಣಗುವ ಎರಡು ಪ್ಯಾಂಟು, ಥರ್ಮಲ್ ಎಂಬ ಬೆಚ್ಚನೆಯ ಒಳಪ್ಯಾಂಟು ಒಂದು ಮತ್ತು ಒಂದು ಮಳೆ ಪ್ಯಾಂಟು. ಈ ಮಳೆ ಪ್ಯಾಂಟನ್ನು ನಮ್ಮವರು ಯಾರೂ ಒಯ್ಯುವುದಿಲ್ಲ. ಕೋಟಿಗೆ ಸಾವಿರಾರು ರೂಪಾಯಿ ಸುರಿದು ತೊಡೆಯನ್ನು ಮಳೆಗೆ ಒಡ್ಡಿ ನಿಲ್ಲುತ್ತಾರೆ. ಕೊಡೆಯ ಕೆಳಗೆ ಬದುಕಿದ ನಮಗೆ ಕಾಲು ನೆನೆಯುವುದು ದೊಡ್ಡ ವಿಷಯವೇ ಅಲ್ಲ, ಆದರೆ ನಮ್ಮಲ್ಲಿ ಮಳೆ ಬರುವಾಗ ಇಷ್ಟು ಥಂಡಿ ಇರುವುದಿಲ್ಲ. ನನ್ನನ್ನು ಕೇಳಿದರೆ, ದುಡ್ಡು ಕಡಿಮೆಯಿದ್ದಾಗ ಫ್ಲೀಸನ್ನು ಬಿಟ್ಟು ಮನೆಯ ಹಳೆಯ ಸ್ವೆಟರನ್ನೇ ಒಯ್ಯಿರಿ, ಮಳೆ ಪ್ಯಾಂಟನ್ನು ಬಿಡಬೇಡಿ.

ಕೊಡಗಿನಲ್ಲಿರುವುದರ ನಿಜವಾದ ಲಾಭ ನಮಗೆ ಸಿಕ್ಕಿದ್ದು ಪರೀಕ್ಷೆಯಲ್ಲಿ. ಬೆಂಗಳೂರಿನಲ್ಲಿ ಮಳೆಕೋಟು ಕೊಂಡವರು ಅದನ್ನು ಸ್ನಾನದ ಷವರಿನ ಕೆಳಗೆ ಹಿಡಿದು ನೋಡಬೇಕು. ನಾವು ಜೂನ್ ಕೊನೆಯ ವಾರ ಬೆಳಿಗ್ಗೆ ಏಳು ಗಂಟೆಗೆ ಕೋಟು ಹಾಕಿಕೊಂಡು ತೋಟದ ಮೇಲಿನ ಬಾಣೆಗೆ, ಎಂದರೆ ಎತ್ತರದ ಹುಲ್ಲುಗಾವಲಿಗೆ, ಹತ್ತಿದೆವು. ಅಲ್ಲಿ ಮರದ ಮರೆಯಿಲ್ಲದೆ ಪಡುವಣ ಗಾಳಿ ನೇರವಾಗಿ ಹೊಡೆಯುತ್ತದೆ. ಅರ್ಧ ಗಂಟೆಯಲ್ಲಿ ನನ್ನ ಎಡಭುಜಕ್ಕೆ ತಣ್ಣಗೆ ತಾಗಿತು. ಮನೆಗೆ ಬಂದು ಕೋಟನ್ನು ತಿರುವಿ ನೋಡಿದರೆ ಭುಜದ ಹೊಲಿಗೆಯ ಒಳಬದಿಗೆ ಅಂಟಿಸಿದ್ದ ಪಟ್ಟಿ ಎರಡು ಅಂಗುಲದಷ್ಟು ಎದ್ದಿತ್ತು, ಸೂಜಿ ಹೋದ ತೂತುಗಳ ಸಾಲಿನಿಂದ ನೀರು ಒಳಗೆ ಇಳಿದಿತ್ತು. ಬಟ್ಟೆ ಹತ್ತು ಸಾವಿರ ಮಿಲಿಮೀಟರ್ ಎತ್ತರ ನಿಂತ ನೀರಿನ ಒತ್ತಡ ತಡೆಯುತ್ತದೆ ಎಂದು ಚೀಟಿಯಲ್ಲಿ ಬರೆದಿದ್ದರೂ ಹೊಲಿಗೆಗೆ ಪಟ್ಟಿ ಸರಿಯಾಗಿ ಕೂತಿರದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಅಂಗಡಿಯವನು ಬದಲಿಸಿಕೊಡಲು ಒಂದಿಷ್ಟು ರಾಗ ಎಳೆದನಾದರೂ ಕೊನೆಗೆ ಬದಲಿಸಿಕೊಟ್ಟ. ಅದೇ ತೂತು ನನಗೆ ಪರದೇಶದ ಯಾವುದೋ ಹೆದ್ದಾರಿಯ ಬದಿಯಲ್ಲಿ ಗೊತ್ತಾಗಿದ್ದರೆ ಯಾರ ಹತ್ತಿರ ರಾಗ ಎಳೆಯುವುದು?

ಒಳಬಟ್ಟೆಗಳ ಪರೀಕ್ಷೆಯನ್ನು ಹೆಂಡತಿ ಮಾಡಿದಳು. ಉಣ್ಣೆಯದೊಂದು, ಪಾಲಿಯೆಸ್ಟರಿನದೊಂದು, ಹತ್ತಿಯದೊಂದು ಮೂರು ಬನಿಯನ್ನುಗಳನ್ನು ಒಟ್ಟಿಗೆ ಒಗೆದು, ಹಳೆಯ ಟವೆಲಿನಲ್ಲಿ ಸುತ್ತಿ ಹಿಂಡಿ, ಹಿಂದಿನ ಜಗಲಿಯಲ್ಲಿ ಹಾಕಿದಳು. ಪಾಲಿಯೆಸ್ಟರು ಮೊದಲು ಒಣಗಿತು, ಉಣ್ಣೆ ಮಾರನೆಯ ಸಂಜೆಗೆ ಹಾಕಿಕೊಳ್ಳುವ ಹಾಗಾಯಿತು, ಹತ್ತಿಯದು ಮೂರನೆಯ ದಿನ ಮೂಗಿನ ಹತ್ತಿರ ತರಲಾಗದಂತಾಗಿತ್ತು. ಪಾಲಿಯೆಸ್ಟರನ್ನು ಒಂದು ದಿನ ತೋಟದ ಕೆಲಸಕ್ಕೆ ಹಾಕಿ ನೋಡಿದಾಗ ಸಂಜೆಗೇ ಬೆವರಿನ ವಾಸನೆ ಹಿಡಿಯಿತು. ಉಣ್ಣೆಯದನ್ನು ಮೂರು ದಿನ ಹಾಕಿದರೂ ತಕರಾರು ಬರಲಿಲ್ಲ. ಹೀಗಾಗಿ ಬೆಲೆ ಮೂರು ಪಟ್ಟಾದರೂ ಉಣ್ಣೆಗೇ ನಿಂತೆವು.

ಎಲ್ಲವನ್ನೂ ಕರಿಮೆಣಸು ತೂಗುವ ಕೊಕ್ಕೆಯ ತಕ್ಕಡಿಗೆ ನೇತುಹಾಕಿದಾಗ ನನ್ನ ಚೀಲ ಏಳು ಕಿಲೋ ನಾನೂರು ಗ್ರಾಂ ತೂಗಿತು. ಚೀಲದ ಮೇಲೆ ಹಾಕುವ ಮಳೆಹೊದಿಕೆಯನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆಂದು, ಒಳಗೇ ದಪ್ಪ ಪ್ಲಾಸ್ಟಿಕ್ ಚೀಲವನ್ನಿಟ್ಟು ಅದರ ಬಾಯಿಯನ್ನು ತಿರುಚಿ ಕಟ್ಟಿದೆ. ಇದು ಗೊಬ್ಬರದ ಮೂಟೆಯಿಂದ ಕಲಿತ ಉಪಾಯ. ಹೆಂಡತಿಯ ಚೀಲ ಎಂಟು ಕಿಲೋ ದಾಟಿತ್ತು, ಏಕೆಂದರೆ ಮಗಳ ಸ್ನೇಹಿತೆಯ ಮನೆಯ ಊಟಕ್ಕೆಂದು ಒಂದು ರೇಷ್ಮೆ ಸೀರೆ ಅದರೊಳಗೆ ಕೂತಿತ್ತು. ಆ ವಿಷಯದಲ್ಲಿ ಪದರದ ಸಿದ್ಧಾಂತ ನಡೆಯಲಿಲ್ಲ. ಉಳಿದಂತೆ ಅವಳು ಜೀನ್ಸ್ ಬಿಟ್ಟು ಕುರ್ತಾದ ಕೆಳಗೆ ಥರ್ಮಲ್ ಮತ್ತು ಮಳೆ ಪ್ಯಾಂಟು ಹಾಕಿದಳು. ಮೊಣಕಾಲುದ್ದದ ಕುರ್ತಾದ ಅಂಚು ಕೋಟಿನಿಂದ ಕೆಳಗೆ ಇಣುಕಿ ನೀರು ಹೀರುತ್ತದೆ ಎಂಬುದು ಬಾಣೆಯಲ್ಲೇ ಗೊತ್ತಾದ್ದರಿಂದ ಎಲ್ಲವನ್ನೂ ಸೊಂಟದ ಕೆಳಕ್ಕೆ ಒಂದು ಗೇಣು ಬಿಟ್ಟು ಕತ್ತರಿಸಿ ಹೊಲಿಸಿದ್ದಳು.

ಅಲ್ಲಿ ಹೋದ ಮೇಲೆ ಈ ಬಟ್ಟೆಗಳು ಹೇಗೆ ನಡೆದವು ಎಂಬುದಕ್ಕೆ ಒಂದು ದಿನವನ್ನು ಹೇಳಿದರೆ ಸಾಕು. ದಕ್ಷಿಣ ಕರಾವಳಿಯಲ್ಲಿ ಬೆಳಿಗ್ಗೆ ಕಾರು ಹತ್ತುವಾಗ ಬಿಸಿಲಿತ್ತು, ನಾನು ಬನಿಯನ್ನು ಮತ್ತು ಅಂಗಿಯಲ್ಲೇ ಇದ್ದೆ. ಅರವತ್ತು ಮೀಟರ್ ಎತ್ತರದಿಂದ ಬೀಳುವ ಸೆಲ್ಯಾಲಂಡ್ಸ್‌ಫಾಸ್ ಜಲಪಾತದ ಹಿಂಬದಿಯಲ್ಲಿ ನಡೆದುಹೋಗುವ ದಾರಿಯಿದೆ; ಅಲ್ಲಿ ಕೋಟು, ಮಳೆ ಪ್ಯಾಂಟು ಎರಡನ್ನೂ ಹಾಕಿ, ಟೊಪ್ಪಿಗೆಯ ದಾರ ಬಿಗಿದು ಒಳಗೆ ಹೋದೆವು. ನೀರಿನ ಪರದೆಯ ಹಿಂದೆ ನಿಂತು ಫೋಟೋ ತೆಗೆಯಲು ಎರಡೂ ಕೈ ಎತ್ತಿದೆ. ಮಣಿಕಟ್ಟಿನ ಪಟ್ಟಿಯನ್ನು ಬಿಗಿದಿರಲಿಲ್ಲವಾದ್ದರಿಂದ ನೀರು ತೋಳಿನೊಳಗೆ ಸಾಲಾಗಿ ಇಳಿದು ಮೊಣಕೈಯಲ್ಲಿ ತಂಗಿತು. ಬಾಣೆಯಲ್ಲಿ ಅರ್ಧ ಗಂಟೆ ನಿಂತರೂ ಇದು ತಿಳಿದಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಕೈ ಎತ್ತಿ ಫೋಟೋ ತೆಗೆದಿರಲಿಲ್ಲ. ತೋಳಿನ ಉಣ್ಣೆ ಒದ್ದೆಯಾದರೂ ಅದು ಚಳಿ ಹಿಡಿಸದೆ ಮಧ್ಯಾಹ್ನದ ಹೊತ್ತಿಗೆ ಮೈಮೇಲೆಯೇ ಆರಿತು. ಸಂಜೆ ರೇನಿಸ್‌ಫ್ಯಾರಾದ ಕಪ್ಪು ಮರಳಿನ ಕಡಲತೀರದಲ್ಲಿ ಒಂದು ಹನಿ ಮಳೆಯಿಲ್ಲ, ಆದರೆ ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆರೆಯಬೇಕಾದಷ್ಟು ಗಾಳಿ; ಒಯ್ದ ಪದರಗಳೆಲ್ಲ ಮೈಮೇಲೇರಿ, ಕಿವಿ ಮುಚ್ಚುವ ಟೊಪ್ಪಿಯ ಮೇಲೆ ಕೋಟಿನ ಟೊಪ್ಪಿಗೆಯೂ ಬಂತು. ಆ ದಿನ ನಾನು ಬಟ್ಟೆ ಹಾಕಿ ತೆಗೆದದ್ದನ್ನು ಮಗಳು ಎಣಿಸಿ ಹನ್ನೊಂದು ಬಾರಿ ಎಂದಳು. ಮೂರು ದಪ್ಪ ಸ್ವೆಟರುಗಳಿಂದ ಈ ಕೆಲಸ ಆಗುತ್ತಿರಲಿಲ್ಲ. ದಪ್ಪವಾದದ್ದನ್ನು ಹಾಕಿದರೆ ಬೆವರುತ್ತೇವೆ, ತೆಗೆದರೆ ನಡುಗುತ್ತೇವೆ. ನಡುವಿನ ಸ್ಥಿತಿಯೇ ಅದರಲ್ಲಿಲ್ಲ.

ಚೀಲದಲ್ಲಿ ಮೂಲೆ ಹಿಡಿದಿದ್ದ ಸಣ್ಣ ವಸ್ತುಗಳಲ್ಲಿ ಮೂರು ನಮ್ಮನ್ನು ಉಳಿಸಿದವು. ಜುಲೈನಲ್ಲಿ ಅಲ್ಲಿ ಸೂರ್ಯ ರಾತ್ರಿ ತುಂಬ ತಡವಾಗಿ ಮುಳುಗಿ ಬೆಳಗಿನ ಜಾವವೇ ಏಳುತ್ತಾನೆ, ನಡುವೆ ಕತ್ತಲೆಂಬುದೇ ಇಲ್ಲ. ಕಣ್ಣಿಗೆ ಕಟ್ಟುವ ಕಪ್ಪುಪಟ್ಟಿ ಇಲ್ಲದಿದ್ದರೆ ನಿದ್ದೆಯಿಲ್ಲ. ಉತ್ತರದ ಮೀವಟ್ನ್ ಸರೋವರದ ಹೆಸರಿನಲ್ಲೇ ನುಸಿ ಇದೆ, ಬೇಸಿಗೆಯಲ್ಲಿ ಗಾಳಿ ನಿಂತ ಕ್ಷಣ ಅವು ಮೂಗು ಬಾಯಿಗೆ ಮುತ್ತುತ್ತವೆ. ಜೇನುಗೂಡಿಗೆ ಕೈಹಾಕುವವರು ತೊಡುವಂಥ ತಲೆಬಲೆ ಬೇಕೇಬೇಕು. ಮೂರನೆಯದು ಈಜುಡುಗೆ. ಸಣ್ಣ ಊರುಗಳಲ್ಲೂ ಬಿಸಿನೀರಿನ ಸಾರ್ವಜನಿಕ ಕೊಳವಿರುತ್ತದೆ. ಅದಕ್ಕಿಳಿಯುವ ಮುನ್ನ ಗಂಡಸರು ಗಂಡಸರ ಕಡೆ, ಹೆಂಗಸರು ಹೆಂಗಸರ ಕಡೆ ಪೂರ್ತಿ ಬಟ್ಟೆ ಕಳಚಿ ಸೋಪು ಹಚ್ಚಿ ಮೀಯಬೇಕೆಂಬ ನಿಯಮವಿದೆ; ಬಟ್ಟೆಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡು ಹೋದವನಿಗೆ ಅಲ್ಲಿ ಐದು ನಿಮಿಷ ಏನು ಮಾಡುವುದೆಂದೇ ತೋಚಲಿಲ್ಲ.

ತಪ್ಪಿದ್ದು ಕೈಗವಸಿನಲ್ಲಿ. ಒಂದೇ ಜೊತೆ ಉಣ್ಣೆಯದು ಒಯ್ದಿದ್ದೆ, ಅದು ಮಳೆಯಲ್ಲಿ ನೆನೆದ ಮೇಲೆ ಗಾಳಿಯನ್ನು ತಡೆಯಲಿಲ್ಲ. ಯೋಕುಲ್ಸಾರ್ಲೋನ್ ಎಂಬ ಹಿಮನದಿ ಸರೋವರದಲ್ಲಿ ತೇಲುವ ನೀರ್ಗಲ್ಲುಗಳ ಮೇಲಿನಿಂದ ಬೀಸುವ ಗಾಳಿಗೆ ಬೆರಳು ಮರಗಟ್ಟಿ ಬಾಳೆಹಣ್ಣಿನ ಸಿಪ್ಪೆ ಸುಲಿಯಲಾರದೆ ಹೋದೆ. ಅದರ ಮೇಲೆ ಹಾಕಲು ನೀರು ಹೋಗದ ಹೊರಗವಸು ಬೇಕಿತ್ತು; ತೋಟದ ಗೋದಾಮಿನಲ್ಲಿ ಔಷಧಿ ಹೊಡೆಯುವಾಗ ಹಾಕುವ ರಬ್ಬರಿನ ದೊಡ್ಡ ಗವಸು ಮೊಳೆಗೆ ನೇತಾಡುತ್ತಿತ್ತು, ಹೊಸದೊಂದು ಜೊತೆ ಕೊಂಡು ತುರುಕಿದ್ದರೆ ನೂರು ಗ್ರಾಂ ಆಗುತ್ತಿತ್ತಷ್ಟೆ. ಬೂಟು ನೆನೆದ ದಿನ ಮಾತ್ರ ನಮ್ಮ ಊರಿನ ವಿದ್ಯೆ ಕೈಕೊಡಲಿಲ್ಲ: ಒಳಗಿನ ಅಟ್ಟೆ ತೆಗೆದು, ಹಳೆಯ ಕಾಗದ ಮುದುರಿ ತುಂಬಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿದರೆ ಬೆಳಗಿನ ಹೊತ್ತಿಗೆ ಒಣಗುತ್ತದೆ. ರೇಡಿಯೇಟರಿನ ಮೇಲೆಯೇ ಇಟ್ಟರೆ ಅಂಟು ಬಿಟ್ಟು ಅಟ್ಟೆ ಏಳುತ್ತದೆ, ಇಡಬಾರದು.

ಜುಲೈ ಕೊನೆಯಲ್ಲಿ ಮನೆಗೆ ಮರಳಿದಾಗ ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ತಂದ ಬಟ್ಟೆಗಳನ್ನೆಲ್ಲ ಅದೇ ದಿನ ಒಗೆದು ಹಿಂದಿನ ಜಗಲಿಯಲ್ಲಿ ಹಾಕಿದೆವು. ಐಸ್‌ಲ್ಯಾಂಡಿನಲ್ಲಿ ಒಂದು ರಾತ್ರಿಯಲ್ಲಿ ಒಣಗುತ್ತಿದ್ದ ಕಾಲುಚೀಲಗಳನ್ನು ಐದನೆಯ ದಿನ ಹೆಂಡತಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಸಾಗಿಸಿದಳು.