ಡ್ರೆಜ್ಜರ್ ಬಾಗಿಲು ಎಲ್ಲಿ ತೆರೆಯಿತು?

ಮುಂಬಯಿ ಕೊಲ್ಲಿಯ ಕರಂಜಾದಲ್ಲಿ ಕೋಳಿ ಸಮುದಾಯದ ಮೀನುಗಾರರೊಬ್ಬರು ತಮ್ಮ ಬಲೆಯ ತುದಿಯಿಂದ ಒಂದು ಬೊಗಸೆ ಕೆಸರು ತೆಗೆದು ನಮ್ಮ ಬೋಟಿನ ಹಲಗೆ ಮೇಲೆ ತಪ್ಪಂತ ಹಾಕಿದರು. "ಇದನ್ನೂ ನಿಮ್ಮ ಡಬ್ಬಿಗೆ ತುಂಬಿಸಿಕೊಳ್ಳಿ. ಇವತ್ತು ಸಿಕ್ಕಿದ್ದು ಇಷ್ಟೇ" ಅಂದರು ಮರಾಠಿಯಲ್ಲಿ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಕೈಗೆತ್ತಿಕೊಂಡು ನೋಡಿದರೆ ಕೆಸರು ಬೂದು ಬಣ್ಣದ್ದು, ಗಟ್ಟಿ, ನೆಲ್ಲಿಕಾಯಿ ಗಾತ್ರದ ಉಂಡೆಗಳು. ನೀರಲ್ಲಿ ತೇಲಿ ಬಂದು ಕೂತ ಹೂಳು ಹೀಗಿರುವುದಿಲ್ಲ. ಅದು ಗಟ್ಟಿ ಮಜ್ಜಿಗೆಯ ಹಾಗೆ ಜಾರುತ್ತದೆ. ಉಂಡೆ ಅಂದರೆ ಯಾವುದೋ ಡ್ರೆಜ್ಜರ್, ಅಂದರೆ ಹೂಳೆತ್ತುವ ಹಡಗು, ತಳದ ಜೇಡಿಯನ್ನು ಕೆರೆದು ತಂದದ್ದು. ಆದರೆ ಕೆರೆದದ್ದನ್ನು ಸುರಿಯಲು ಗೊತ್ತು ಮಾಡಿದ ಜಾಗ ಆ ಬಲೆಯಿಂದ ಬಹಳ ದೂರ ಇತ್ತು.

ನಾನು ಮಲ್ಪೆ ಕಡೆಯವನು. ಅಜ್ಜ ಕೈರಂಪಣಿ ಬಲೆ ಎಳೆದವರು, ಅಪ್ಪ ಮುಂಬಯಿಗೆ ಬಂದು ಹೋಟೆಲು ಸೇರಿದವರು. ನಾನು ಕೆಮಿಸ್ಟ್ರಿ ಓದಿ ಮತ್ತೆ ಸಮುದ್ರಕ್ಕೇ ಬಿದ್ದೆ. ಮನೆ ನೆರೂಳ್‌ನಲ್ಲಿ. ಬಂದರಿನಲ್ಲಿ ಹೂಳೆತ್ತುವಾಗ ಪರಿಸರ ಅನುಮತಿಯ ಷರತ್ತು ಪಾಲಿಸುತ್ತಿದ್ದಾರಾ ಅಂತ ನೋಡುವುದು, ಕೆಸರು-ನೀರಿನ ಮಾದರಿ ತೆಗೆಯುವುದು, ವರದಿ ಬರೆಯುವುದು ನನ್ನ ಕೆಲಸ. "ಕೆಸರು ಅಳೆಯೋಕೂ ಸಂಬಳ ಕೊಡ್ತಾರಾ?" ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಮುಂಬಯಿ ಕೊಲ್ಲಿ ನೋಡಲು ದೊಡ್ಡದು, ಆದರೆ ತಳವೆಲ್ಲಾ ಕೆಸರು. ಮುಂಬಯಿಯ ಭಾವುಚಾ ಧಕ್ಕಾ ಅನ್ನುವ ದೋಣಿಕಟ್ಟೆಯಿಂದ ಆಚೆ ದಡದ ಮೋರಾಗೆ ಲಾಂಚಿನಲ್ಲಿ ಹೋದವರಿಗೆ ಗೊತ್ತು, ದೊಡ್ಡ ಇಳಿತದ ದಿನ ಮೋರಾ ಜೆಟ್ಟಿ ಹತ್ತಿರ ಲಾಂಚ್ ಹೋಗುವುದೇ ಇಲ್ಲ. (ನಮ್ಮೂರಿನ ದಕ್ಕೆ, ಇಲ್ಲಿಯ ಧಕ್ಕಾ. ಒಂದೇ ಮಾತು, ಎರಡು ಕರಾವಳಿ.) ಹುಣ್ಣಿಮೆ-ಅಮಾವಾಸ್ಯೆಗೆ ಇಲ್ಲಿ ಭರತ-ಇಳಿತದ ಅಂತರ 5 ಮೀಟರ್ ಹತ್ತಿರ ಬರುತ್ತದೆ. ಅಷ್ಟು ನೀರು ದಿನಕ್ಕೆ ಎರಡು ಸಲ ಒಳಗೆ ಹೊರಗೆ ಓಡಾಡುವಾಗ ಕೆಸರೂ ಜೊತೆಗೆ ಓಡಾಡುತ್ತದೆ. ಇದೇ ಕೊಲ್ಲಿಯ ನ್ಹಾವಾ ಶೇವಾ ಬಂದರು 1989ರಲ್ಲಿ ಶುರುವಾದ ಮೇಲೆ ಹಡಗುಗಳು ದೊಡ್ಡವಾಗುತ್ತಾ ಹೋದವು, ಹಡಗು ದಾರಿಯನ್ನೂ ಆಳ ಮಾಡುತ್ತಾ ಬಂದರು. ಹೊಸದಾಗಿ ಆಳ ಮಾಡುವುದು ಕ್ಯಾಪಿಟಲ್ ಡ್ರೆಜ್ಜಿಂಗ್. ಆಳ ಮಾಡಿದ ಮೇಲೆ ಮತ್ತೆ ಕೂತ ಹೂಳನ್ನು ತೆಗೆಯುವುದು ಮೇಂಟೆನೆನ್ಸ್ ಡ್ರೆಜ್ಜಿಂಗ್.

ಕಾನೂನಿನಲ್ಲಿ ಈ ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. 2006ರ ಪರಿಸರ ಅಧಿಸೂಚನೆ ಪ್ರಕಾರ ಕ್ಯಾಪಿಟಲ್ ಡ್ರೆಜ್ಜಿಂಗ್‌ಗೆ ಮೊದಲೇ ಅನುಮತಿ ಬೇಕು. ಮೇಂಟೆನೆನ್ಸ್ ಮೂಲ ಯೋಜನೆಯಲ್ಲೇ ಸೇರಿದ್ದು, ಆ ಯೋಜನೆಗೆ ಅನುಮತಿ ಸಿಕ್ಕಿದ್ದರೆ ಮತ್ತೆ ಕೇಳಬೇಕಿಲ್ಲ. ಹಾಗಾಗಿ ಕೆಲವರಿಗೆ ಎಲ್ಲವನ್ನೂ ಮೇಂಟೆನೆನ್ಸ್ ಅಂತ ಕರೆಯುವ ಆಸೆ. ಗೋವಾದ ಮುರ್ಮಗಾಂವ್‌ನಲ್ಲಿ ಹಡಗು ದಾರಿ ಆಳ ಮಾಡುವ ಕೆಲಸ 2016ರಲ್ಲಿ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಮರುವರ್ಷ ವಾಸ್ಕೋದಲ್ಲಿ ಸಾರ್ವಜನಿಕ ಅಹವಾಲು ದಿನಗಟ್ಟಲೆ ನಡೆಯಿತು. ಅಹವಾಲಿನಲ್ಲಿ ಜನ ಕೂಗಾಡುತ್ತಾರೆ ಅಂತ ಅಧಿಕಾರಿಗಳು ಹೆದರುತ್ತಾರೆ. ನನಗೆ ಆ ಕೂಗಾಟವೇ ಇಷ್ಟ. ಯಾವ ತಿಂಗಳು ಯಾವ ಮೀನು ಎಲ್ಲಿ ಬರುತ್ತದೆ ಅಂತ ನಮ್ಮ ವರದಿಗಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಕೆಲಸ ಶುರುವಾಗುವ ಮೊದಲು ಕೆಸರಿನ ಮಾದರಿ ತೆಗೆಯಬೇಕು. ವ್ಯಾನ್ ವೀನ್ ಗ್ರ್ಯಾಬ್ ಅಂತ ಒಂದು ಉಕ್ಕಿನ ದವಡೆ. ಹಗ್ಗ ಕಟ್ಟಿ ಬಿಟ್ಟರೆ ತಳ ಮುಟ್ಟಿದ ಕೂಡಲೇ ಕೊಕ್ಕೆ ಕಳಚಿಕೊಳ್ಳುತ್ತದೆ, ಹಗ್ಗ ಎಳೆದಾಗ ಬಾಯಿ ಮುಚ್ಚಿ ಕೆಸರು ಕಚ್ಚಿಕೊಂಡು ಬರುತ್ತದೆ. ಮೇಲೆ ಬಂದ ಮೇಲೆ ದವಡೆಗೆ ತಾಗಿದ ಕೆಸರನ್ನು ಬಿಟ್ಟು ನಡುವಿನದನ್ನಷ್ಟೇ ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯುತ್ತೇನೆ. ಇಲ್ಲದಿದ್ದರೆ ಉಕ್ಕಿನ ಲೋಹವೇ ಲೆಕ್ಕಕ್ಕೆ ಸೇರುತ್ತದೆ. ಲೋಹದ ಪರೀಕ್ಷೆಗೆ ಪ್ಲಾಸ್ಟಿಕ್ ಡಬ್ಬಿ, ಎಣ್ಣೆ ಅಂಶದ ಪರೀಕ್ಷೆಗೆ ಗಾಜಿನದು. ಒಂದು ಸಲ ಹೊಸ ಹುಡುಗ ಎಲ್ಲವನ್ನೂ ಒಂದೇ ಬಗೆಯ ಡಬ್ಬಿಗೆ ತುಂಬಿಸಿ ಇಡೀ ದಿನದ ಕೆಲಸ ನೀರುಪಾಲಾಯಿತು.

ಲ್ಯಾಬಿನ ಅಂಕಿ ಬಂದ ಮೇಲೆ ನಿಜವಾದ ತಲೆನೋವು. ಯಾವುದಕ್ಕೆ ಹೋಲಿಸುವುದು? ಹೆಚ್ಚಿನವರು ಅಮೆರಿಕ ಸರ್ಕಾರದ ಸಮುದ್ರ-ಹವಾಮಾನ ಸಂಸ್ಥೆ ನೋವಾದ ಪಟ್ಟಿ ತೆಗೆಯುತ್ತಾರೆ. ಅದರ ಕೆಳಮಿತಿ ಪ್ರಕಾರ ಒಂದು ಕಿಲೋ ಒಣ ಕೆಸರಿನಲ್ಲಿ ತಾಮ್ರ 34 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ. ಮುಂಬಯಿಯಲ್ಲಿ ತಾಮ್ರ ಈ ಮಿತಿ ದಾಟುವುದು ಮಾಮೂಲು. ಮೊದಲ ವರ್ಷ ನಾನು ಗಾಬರಿಯಿಂದ ಕೆಂಪು ಅಕ್ಷರದಲ್ಲಿ ಬರೆದುಬಿಟ್ಟಿದ್ದೆ. ಹಿರಿಯರೊಬ್ಬರು ಕರೆದು, "ಸಹ್ಯಾದ್ರಿಯ ಕಲ್ಲು ಯಾವುದಪ್ಪಾ?" ಅಂತ ಕೇಳಿದರು. ಡೆಕ್ಕನ್ ಬಸಾಲ್ಟ್. ಆ ಕಪ್ಪು ಕಲ್ಲಿನಲ್ಲೇ ತಾಮ್ರ ಜಾಸ್ತಿ. ಕಲ್ಲು ಸವೆದು ಬಂದ ಕೆಸರಿನಲ್ಲೂ ಜಾಸ್ತಿಯೇ. ಅದು ಕಾರ್ಖಾನೆಯ ಪಾಪ ಅಲ್ಲ. ಅಂದಿನಿಂದ ಹೆಚ್ಚಾಗಿ ಕಲ್ಲಿನಿಂದಲೇ ಬರುವ ಅಲ್ಯುಮಿನಿಯಂ ಜೊತೆ ಹೋಲಿಸಿ, ಕಲ್ಲಿನಿಂದ ಬಂದದ್ದೆಷ್ಟು, ಮನುಷ್ಯ ಸೇರಿಸಿದ್ದೆಷ್ಟು ಅಂತ ಬೇರೆ ಮಾಡುತ್ತೇನೆ. ಪಾದರಸಕ್ಕೆ ಆ ರಿಯಾಯಿತಿ ಇಲ್ಲ. ಅದು ಮಿತಿ ದಾಟಿದರೆ ಕಲ್ಲಿನ ಮೇಲೆ ಹೊರಿಸಲು ಬರುವುದಿಲ್ಲ. ಕಾರ್ಖಾನೆಗಳ ಬದಿಯಲ್ಲಿರುವ ಠಾಣೆ ಖಾರಿಯ (ಒಳಚಾಚಿದ ಸಮುದ್ರದ ಕವಲು) ಕಡೆಯ ಮಾದರಿ ಇದ್ದರೆ ಮೊದಲು ಅದನ್ನೇ ನೋಡುತ್ತೇನೆ. ಲೋಹ ಅಂಟುವುದು ನಯವಾದ ಕಣಕ್ಕೆ. 63 ಮೈಕ್ರಾನ್ ಜರಡಿಯಲ್ಲಿ ಇಳಿದದ್ದೆಷ್ಟು ಅಂತ ಬರೆಯದ ವರದಿಯನ್ನು ನಾನು ಓದುವುದೇ ಇಲ್ಲ.

ನೀರಿನ ಬಗ್ಗೆಯೂ ಇಂಥದ್ದೇ ಎಡವಟ್ಟು. "ನೀರು ಕದಡಬಾರದು" ಅಂತ ಷರತ್ತು ಬರೆದಿರುತ್ತಾರೆ. ಹುಣ್ಣಿಮೆ ಹೊತ್ತಿನಲ್ಲಿ ಈ ಕೊಲ್ಲಿಯ ನೀರು ಡ್ರೆಜ್ಜರ್ ಇಲ್ಲದೆಯೂ ಚಹಾದ ಬಣ್ಣ. ಆರೇಳು ದಿನ ಬಿಟ್ಟು ನೋಡಿ, ಎಷ್ಟೋ ತಿಳಿ. ಒಂದೇ ಒಂದು ಅಂಕಿ ಹಿಡಿದು ಕೂತರೆ ಚಂದ್ರನ ಮೇಲೆ ಕೇಸು ಹಾಕಬೇಕಾಗುತ್ತದೆ. ನಾವು ಮಾಡುವುದು ಇಷ್ಟು: ಡ್ರೆಜ್ಜರ್‌ಗೆ ನೀರು ಬರುವ ಕಡೆ ಒಂದು ಜಾಗ, ನೀರು ಹೋಗುವ ಕಡೆ ಎರಡು ಜಾಗ. ಒಂದೇ ಹೊತ್ತಿಗೆ ಮೂರೂ ಕಡೆ ಅಳತೆ. ಲೆಕ್ಕಕ್ಕೆ ಬರುವುದು ವ್ಯತ್ಯಾಸ ಮಾತ್ರ.

ಈಗ ಆ ಉಂಡೆ ಕೆಸರಿನ ಕಥೆಗೆ ಬರುತ್ತೇನೆ. ಈ ಕೊಲ್ಲಿಯಲ್ಲಿ ಬಂದರು, ಜೆಟ್ಟಿ, ಹಡಗುಕಟ್ಟೆ ಹತ್ತಾರಿವೆ. ಯಾರ ಕೆಲಸ ಅಂತ ಬೇಡ.

ಅಲ್ಲಿದ್ದದ್ದು ಟ್ರೇಲರ್ ಡ್ರೆಜ್ಜರ್. ಹೋಗುತ್ತಾ ಹೋಗುತ್ತಾ ಕೊಳವೆಯಿಂದ ತಳದ ಕೆಸರು ಹೀರಿ ತನ್ನ ಹೊಟ್ಟೆಗೆ ತುಂಬಿಸಿಕೊಳ್ಳುತ್ತದೆ. ಆ ಹೊಟ್ಟೆಗೆ ಹಾಪರ್ ಅಂತ ಹೆಸರು. ತುಂಬಿದ ಮೇಲೆ ಹೊರಸಮುದ್ರಕ್ಕೆ ಹೋಗಿ ಹೊಟ್ಟೆಯ ಅಡಿಯ ಬಾಗಿಲು ತೆರೆದು ಎಲ್ಲಾ ಬೀಳಿಸಿ ವಾಪಸ್ ಬರುತ್ತದೆ. ಹಗಲು ರಾತ್ರಿ ಇದೇ ಓಡಾಟ.

ಸುರಿಯುವ ಜಾಗ ಸುಮ್ನೆ ನಕಾಶೆ ಮೇಲೆ ಬೆರಳಿಟ್ಟು ಆರಿಸುವುದಲ್ಲ. ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿ ಇರುವ, 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಬಂದರುಗಳ ಮಾದರಿ ಕಟ್ಟಿ, ಸುರಿದ ಹೂಳು ಎತ್ತ ಹೋಗುತ್ತದೆ ಅಂತ ನೋಡುತ್ತಾರೆ. ಇನ್ನೊಂದು ದಾರಿ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದವರದ್ದು. ಸ್ಕ್ಯಾಂಡಿಯಂ-46 ಅನ್ನುವ ವಿಕಿರಣ ಧಾತುವನ್ನು ಮರಳಿನಷ್ಟು ಸಣ್ಣ ಗಾಜಿನ ಪುಡಿಯಲ್ಲಿ ಸೇರಿಸಿ ತಳದಲ್ಲಿ ಬಿಡುತ್ತಾರೆ. ಆಮೇಲೆ ಬೋಟಿನಿಂದ ಡಿಟೆಕ್ಟರ್ ಎಳೆದುಕೊಂಡು ಹೋಗಿ ಅದರ ಜಾಡು ಹಿಡಿಯುತ್ತಾರೆ. ಸುಮಾರು 84 ದಿನಕ್ಕೆ ಅದರ ಶಕ್ತಿ ಅರ್ಧ ಇಳಿಯುತ್ತದೆ. ತಿಂಗಳುಗಟ್ಟಲೆ ಹಿಂಬಾಲಿಸಲು ಸಾಕು, ವರ್ಷಗಟ್ಟಲೆ ಉಳಿಯುವುದೂ ಇಲ್ಲ. ಇಷ್ಟೆಲ್ಲಾ ಒದ್ದಾಟ ಯಾಕೆಂದರೆ, ತಪ್ಪು ಜಾಗದಲ್ಲಿ ಸುರಿದ ಕೆಸರು ಭರತದ ಜೊತೆ ವಾಪಸ್ ಬಂದು ಅದೇ ದಾರಿಯಲ್ಲಿ ಕೂರುತ್ತದೆ. ಎತ್ತಿದ್ದನ್ನೇ ಮತ್ತೆ ಎತ್ತಬೇಕು.

ಬಲೆಯ ಕೆಸರು ನೋಡಿದ ದಿನ ಸಂಜೆ ನಾನು ಡ್ರೆಜ್ಜರ್‌ನ ಲಾಗ್ ಪುಸ್ತಕ ತರಿಸಿದೆ. ಎಲ್ಲಾ ಟ್ರಿಪ್ಪಿನ ಎದುರೂ ಸುರಿದ ಜಾಗದ ಅಕ್ಷಾಂಶ-ರೇಖಾಂಶ ಬರೆದಿತ್ತು. ಎಲ್ಲವೂ ಗೊತ್ತು ಮಾಡಿದ ಚೌಕದ ಒಳಗೇ. ಅಕ್ಷರವೂ ಮುದ್ದಾಗಿತ್ತು. ಅಷ್ಟು ಮುದ್ದಾದ ಲಾಗ್ ನೋಡಿದರೆ ನನಗೆ ಅನುಮಾನ. ಕುಲುಕಾಡುವ ಹಡಗಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರು ಹಾಗೆ ಬರೆಯುತ್ತಾರೆ ಹೇಳಿ?

ಆಮೇಲೆ ಟ್ರಿಪ್ಪಿನ ಹೊತ್ತು ಲೆಕ್ಕ ಹಾಕಿದೆ. ಹಗಲಿನ ಟ್ರಿಪ್ಪುಗಳಿಗೆ ಮೂರೂವರೆ ಗಂಟೆಯ ಮೇಲೆ. ಕೆಲವು ರಾತ್ರಿ ಟ್ರಿಪ್ಪುಗಳಿಗೆ ಮೂರು ಗಂಟೆಗೂ ಕಮ್ಮಿ. ಅದೇ ಹಡಗು, ಅದೇ ದೂರ. ರಾತ್ರಿ ಹೊತ್ತು ಸಮುದ್ರ ಚಿಕ್ಕದಾಗುತ್ತದಾ?

ಮೂರನೆಯದಾಗಿ ಕೇಳಿದ್ದು ಡ್ರಾಫ್ಟ್ ಸೆನ್ಸರ್‌ನ ಕಚ್ಚಾ ಫೈಲು. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ಅದು ನಿಮಿಷ ನಿಮಿಷಕ್ಕೂ ಬರೆದಿಡುತ್ತದೆ. ಕೊಡಲು ಹತ್ತು ದಿನ ಸತಾಯಿಸಿದರು. ಅದು ಸಿಕ್ಕ ಮೇಲೆ ಜಿಪಿಎಸ್ ಜಾಡಿನ ಜೊತೆ ಪಕ್ಕಪಕ್ಕ ಇಟ್ಟು ಕೂತೆ. ಹೊಟ್ಟೆ ತುಂಬಿದ ಹಡಗು ಹೆಚ್ಚು ಮುಳುಗಿರುತ್ತದೆ. ಬಾಗಿಲು ತೆರೆದರೆ ಹಗುರಾಗಿ ಮೇಲೇಳುತ್ತದೆ. ಆ ರಾತ್ರಿಗಳಲ್ಲಿ ಹಡಗು ಚೌಕ ಮುಟ್ಟುವುದಕ್ಕೆ ಇನ್ನೂ ಒಂದೂವರೆ ಮೈಲಿ ಇರುವಾಗಲೇ ಮೇಲೆದ್ದಿತ್ತು. ಖಾಲಿಯಾದ ಮೇಲೆ ಒಂದು ಸುತ್ತು ತಿರುಗಿ ವಾಪಸ್ ಬಂದಿತ್ತು.

ಮೀಟಿಂಗಿನಲ್ಲಿ ಗುತ್ತಿಗೆದಾರರ ಕಡೆಯವರು, "ಬಾಗಿಲಿನ ಸೀಲ್ ಸವೆದಿತ್ತು, ದಾರಿಯಲ್ಲಿ ಸೋರಿದೆ" ಅಂದರು. ಸೀಲ್ ಸೋರುವುದು ನಿಜವಾಗಿಯೂ ಉಂಟು. ಹಾಗಾಗಿ ನಾನು ಜಗಳ ಆಡಲಿಲ್ಲ. ಹಡಗು ಮುಳುಗಿದ ಆಳದ ಗ್ರಾಫ್ ತೋರಿಸಿದೆ. ಸೋರಿದರೆ ಗೆರೆ ಇಳಿಜಾರಾಗಿ ನಿಧಾನಕ್ಕೆ ಇಳಿಯಬೇಕು. ಇಲ್ಲಿ ಆರೇಳು ನಿಮಿಷದಲ್ಲಿ ಎರಡು ಮೀಟರ್ ಬಿದ್ದಿತ್ತು, ಮೆಟ್ಟಿಲಿನ ಹಾಗೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಅವರ ಹಿರಿಯ ಇಂಜಿನಿಯರ್ ಒಬ್ಬರು, "ಇಳಿತ ಜೋರಿತ್ತು, ಅದೇ ಹೊರಗೆ ಒಯ್ಯುತ್ತೆ ಅಂದುಕೊಂಡರು" ಅಂದರು. ಪ್ರಾಮಾಣಿಕ ಉತ್ತರ. ನನಗೆ ಆ ಮನುಷ್ಯನ ಮೇಲೆ ಸಿಟ್ಟೂ ಬರಲಿಲ್ಲ.

ಅವರನ್ನು ಬೈದು ಮುಗಿಸುವ ವಿಷಯವೂ ಇದಲ್ಲ. ಕರಾರು ಓದಿದರೆ ಗೊತ್ತಾಗುತ್ತದೆ. ದುಡ್ಡು ಕೊಡುತ್ತಿದ್ದದ್ದು ಅಗೆದದ್ದಕ್ಕೆ. ಅಗೆಯುವ ಮೊದಲು ಒಂದು ಸರ್ವೆ, ಅಗೆದ ಮೇಲೆ ಒಂದು ಸರ್ವೆ, ನಡುವಿನ ಘನ ಮೀಟರಿಗೆ ಬಿಲ್ಲು. ಎಲ್ಲಿ ಸುರಿದರು ಅನ್ನುವುದಕ್ಕೆ ಬಿಲ್ಲಿನಲ್ಲಿ ಒಂದು ಪೈಸೆಯ ಸಂಬಂಧವೂ ಇರಲಿಲ್ಲ. ದೂರ ಹೋದಷ್ಟೂ ಡೀಸೆಲ್ ಖರ್ಚು ಅವರದ್ದೇ. ಅರ್ಧ ದಾರಿಯಲ್ಲಿ ಬಾಗಿಲು ತೆರೆದರೆ ಲಾಭ, ಚೌಕದ ತನಕ ಹೋದರೆ ನಷ್ಟ. ಷರತ್ತು ಒಂದು ಕಡತದಲ್ಲಿ, ದುಡ್ಡು ಇನ್ನೊಂದು ಕಡತದಲ್ಲಿ. 1972ರ ಲಂಡನ್ ಒಪ್ಪಂದ, 1996ರ ಪ್ರೋಟೋಕಾಲ್ ಎಲ್ಲಾ ಓದಿದ್ದೇನೆ. ಪ್ರೋಟೋಕಾಲ್ ಪ್ರಕಾರ ಸಮುದ್ರಕ್ಕೆ ಏನನ್ನೂ ಸುರಿಯಬಾರದು, ಒಂದು ಸಣ್ಣ ಪಟ್ಟಿಯಲ್ಲಿ ಇದ್ದದ್ದನ್ನು ಮಾತ್ರ ಪರೀಕ್ಷೆ ಮಾಡಿ, ಪರವಾನಗಿ ಕೊಟ್ಟು ಬಿಡಬಹುದು. ಆ ಪಟ್ಟಿಯಲ್ಲಿ ಮೊದಲು ಬರುವುದೇ ಹೂಳು. ಒಳ್ಳೆ ಯೋಚನೆ. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲಿನ ಗುಂಡಿ ಒತ್ತುವವನ ತನಕ ಅದು ಇಳಿಯಬೇಕಲ್ವಾ?

ನಾವು ಕೇಳಿದ್ದು ಎರಡು ಬದಲಾವಣೆ. ಡ್ರಾಫ್ಟ್ ಮತ್ತು ಜಿಪಿಎಸ್ ಫೈಲು ಪ್ರತಿ ದಿನ ಬೆಳಿಗ್ಗೆ ನೇರವಾಗಿ ನಮಗೆ ಬರಬೇಕು, ಯಾರೂ ಕೈಯಾಡಿಸುವಂತಿಲ್ಲ. ಚೌಕದ ಹೊರಗೆ ಸುರಿದ ಟ್ರಿಪ್ಪಿನ ದುಡ್ಡು ಕಡಿತ. ಮೊದಲನೆಯದು ವಾರದೊಳಗೆ ಆಯಿತು. ಎರಡನೆಯದಕ್ಕೆ ತಿಂಗಳುಗಟ್ಟಲೆ ಪತ್ರ ಓಡಾಡಿತು, ಕೊನೆಗೆ ಅರ್ಧಂಬರ್ಧ ಒಪ್ಪಿದರು. ಆದರೆ ಫೈಲು ಬರಲು ಶುರುವಾದ ಮೊದಲ ರಾತ್ರಿಯಿಂದಲೇ ಟ್ರಿಪ್ಪಿನ ಹೊತ್ತು ಮೂರೂವರೆ ಗಂಟೆ ದಾಟಿತು. ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಮುದ್ರ ಮತ್ತೆ ದೊಡ್ಡದಾಗುತ್ತದೆ.

ಕರಂಜಾಗೆ ಮತ್ತೆ ಹೋದೆ. ಅದೇ ಮೀನುಗಾರರು ಡೋಲ್ ಬಲೆ ಬಿಡಿಸಿಕೊಂಡು ಕೂತಿದ್ದರು. ಡೋಲ್ ಬಲೆ ಓಡಿಸಿ ಹಿಡಿಯುವಂಥದ್ದಲ್ಲ, ಒಂದೇ ಕಡೆ ಕಟ್ಟಿ, ಹರಿಯುವ ನೀರೇ ಮೀನು ತಂದು ತುಂಬಿಸಲಿ ಅಂತ ಕಾಯುವುದು. ನೀರು ಏನು ತರುತ್ತದೋ ಅದು. ಕೆಸರು ತುಂಬಿದರೆ ಭಾರಕ್ಕೆ ಕಣ್ಣು ಹರಿಯುತ್ತದೆ. ಹರಿದ ಜಾಗ ತೋರಿಸಿದರು, ನನ್ನ ಮೊಳಕೈ ಉದ್ದ ಇತ್ತು. ಬಾಗಿಲು, ಸೆನ್ಸರ್ ಎಲ್ಲಾ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡರು. "ಅದೆಲ್ಲ ಸರಿ. ನನ್ನ ಬಲೆ?" ಅಂದರು.

ಅನುಮತಿ ಪಡೆದವರು ವರ್ಷಕ್ಕೆರಡು ಸಲ, ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆ ನಮೂನೆಯಲ್ಲಿ ನೀರಿಗೆ, ಕೆಸರಿಗೆ, ಗಾಳಿಗೆ, ಶಬ್ದಕ್ಕೆ ಜಾಗ ಇತ್ತು. ಹರಿದ ಬಲೆಗೆ ಇರಲಿಲ್ಲ. ಷರಾ ಅಂತ ಇರುವ ಕಡೆ ನಾಲ್ಕು ಸಾಲು ಬರೆದು, ಫೋಟೋ ಅಂಟಿಸಿ ಕಳಿಸಿದೆ. ಅಂತಿಮ ಪ್ರತಿ ಬಂದಾಗ ಫೋಟೋ ಇತ್ತು, ಸಾಲು ಇರಲಿಲ್ಲ. ಫೋಟೋದ ಕೆಳಗೆ ಯಾರೋ "ಸ್ಥಳೀಯ ಮೀನುಗಾರಿಕೆ ಚಟುವಟಿಕೆ" ಅಂತ ಬರೆದಿದ್ದರು.