ಅಮೆರಿಕದ ರೆಸ್ಟೊರೆಂಟ್ ಕೆಲಸ: ಟಿಪ್ಸ್ ಸೇರಿದ ಸಂಬಳದ ಲೆಕ್ಕ ನೋಡಿಕೊಳ್ಳುವುದು ಹೇಗೆ

ಅಮೆರಿಕದ ರೆಸ್ಟೊರೆಂಟಿನಲ್ಲಿ ಸರ್ವರ್ ಆಗಿ ಸೇರಿದವರ ಸಂಬಳದ ಚೀಟಿಯಲ್ಲಿ, ಅಂದರೆ ಪೇ ಸ್ಟಬ್‌ನಲ್ಲಿ ಗಂಟೆಗೆ 2.13 ಡಾಲರ್ ಎಂದಿದ್ದರೆ ಅದು ಅಚ್ಚಿನ ತಪ್ಪಲ್ಲ. ಟಿಪ್ಸ್ ಸಿಗುವ ಕೆಲಸಕ್ಕೆ ಮಾಲೀಕರು ಕೊಡಬೇಕಾದ ನಗದು ಸಂಬಳ ಫೆಡರಲ್ (ಇಡೀ ದೇಶಕ್ಕೆ ಅನ್ವಯಿಸುವ) ಕಾನೂನಿನಲ್ಲಿ ಅಷ್ಟೇ. 1991ರಿಂದ ಒಂದು ಸೆಂಟೂ ಏರಿಲ್ಲ. ಆದರೆ ಕನಿಷ್ಠ ವೇತನ ಮಾತ್ರ ಸರ್ವರ್‌ಗೂ ಎಲ್ಲರಂತೆ 7.25 ಡಾಲರ್. ನಡುವಿನ 5.12 ಡಾಲರ್ ಟಿಪ್ಸ್‌ನಲ್ಲಿ ಬಂತು ಎಂದು ಮಾಲೀಕರು ಲೆಕ್ಕ ತೋರಿಸಬಹುದು. ಇದೇ ಟಿಪ್ ಕ್ರೆಡಿಟ್. ಅಷ್ಟು ಟಿಪ್ಸ್ ಬರದಿದ್ದರೆ ಕಮ್ಮಿಬಿದ್ದದ್ದನ್ನು ಮಾಲೀಕರೇ ತುಂಬಿಕೊಡಬೇಕು. ಕೇಳುವವರಿಲ್ಲದ ಕಡೆ ಮೊದಲು ತಪ್ಪಿಹೋಗುವುದು ಇದೇ. ಹಾಗಾಗಿ ಲೆಕ್ಕ ನಿಮ್ಮ ಕೈಯಲ್ಲೂ ಇರಬೇಕು.

ಮೊದಲು ನಿಮ್ಮ ರಾಜ್ಯದ ದರ ನೋಡಿ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನೆವಾಡಾ, ಮೊಂಟಾನಾ, ಮಿನ್ನೆಸೋಟ, ಅಲಾಸ್ಕ ಈ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಇಲ್ಲವೇ ಇಲ್ಲ. ಅಲ್ಲಿ ಪೂರ್ತಿ ಕನಿಷ್ಠ ವೇತನ ಕೊಡಬೇಕು, ಟಿಪ್ಸ್ ಅದರ ಮೇಲೆ. ಟೆಕ್ಸಸ್, ಟೆನೆಸ್ಸೀಯಂಥ ಕಡೆ ಫೆಡರಲ್ ದರವೇ ಗತಿ. ಉಳಿದ ಎಷ್ಟೋ ರಾಜ್ಯಗಳದ್ದು ಇವೆರಡರ ನಡುವಿನ ದಾರಿ. ಆಯಾ ರಾಜ್ಯದ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ದರ ಸಿಗುತ್ತದೆ. ರಾಜ್ಯದ್ದೂ ಫೆಡರಲ್‌ನದ್ದೂ ಬೇರೆಯಾದರೆ ಕೆಲಸಗಾರರಿಗೆ ಯಾವುದು ಹೆಚ್ಚೋ ಅದೇ ಅನ್ವಯ. ಟಿಪ್ ಕ್ರೆಡಿಟ್ ಹಿಡಿಯುವುದಾಗಿ ಮಾಲೀಕರು ಮುಂಚೆಯೇ ತಿಳಿಸಿರಬೇಕು. ತಿಳಿಸದಿದ್ದರೆ ಹಿಡಿಯುವ ಹಕ್ಕಿಲ್ಲ.

ಇನ್ನು ಒಂದು ಪುಟ್ಟ ನೋಟ್‌ಬುಕ್ ಇಡಿ. ದಿನವೂ ಮನೆಗೆ ಹೊರಡುವ ಮುಂಚೆಯೇ ಬರೆಯಿರಿ: ಬಂದ ಹೊತ್ತು, ಹೋದ ಹೊತ್ತು, ನಗದು ಟಿಪ್ಸ್, ಕಾರ್ಡ್ ಟಿಪ್ಸ್, ತಟ್ಟೆ ತೆಗೆದು ಟೇಬಲ್ ಒರೆಸುವ ಬಸ್ಸರ್ ಮತ್ತು ಬಾರ್‌ಟೆಂಡರ್‌ಗೆ ಹಂಚಿದ್ದು, ಕೊನೆಗೆ ಕೈಯಲ್ಲಿ ಉಳಿದದ್ದು. ಬಾಗಿಲು ತೆರೆಯುವ ಮೊದಲು ಟೇಬಲ್ ಜೋಡಿಸಿದ್ದು, ಮುಚ್ಚಿದ ಮೇಲೆ ನೆಲ ಒರೆಸಿದ್ದು ಕೂಡ ಕೆಲಸದ ಹೊತ್ತೇ. ‘ಮೊದಲು ಟೇಬಲ್ ರೆಡಿ ಮಾಡು, ಆಮೇಲೆ ಕ್ಲಾಕ್ ಇನ್ (ಬಂದ ಹೊತ್ತಿನ ದಾಖಲೆ) ಮಾಡು’ ಎಂದರೆ ಆ ಹದಿನೈದು ನಿಮಿಷವನ್ನೂ ಬರೆದಿಡಿ. ತಿಂಗಳಿಗೆ 20 ಡಾಲರ್ ಅಥವಾ ಹೆಚ್ಚು ಟಿಪ್ಸ್ ಬಂದರೆ ಮುಂದಿನ ತಿಂಗಳ 10ರೊಳಗೆ ಮಾಲೀಕರಿಗೆ ತಿಳಿಸಬೇಕೆಂಬ ತೆರಿಗೆ ನಿಯಮಕ್ಕೂ ಇದೇ ಪುಸ್ತಕ ಸಾಕು.

ಈಗ ಲೆಕ್ಕ. ಫೆಡರಲ್ ದರದಲ್ಲಿ ವಾರಕ್ಕೆ 30 ಗಂಟೆ ದುಡಿದಿರಿ, 160 ಡಾಲರ್ ಟಿಪ್ಸ್ ಬಂತು, ಅದರಲ್ಲಿ 40 ಹಂಚಿದಿರಿ ಎನ್ನೋಣ. ಲೆಕ್ಕಕ್ಕೆ ಬರುವುದು ನಿಮ್ಮಲ್ಲಿ ಉಳಿದ 120 ಮಾತ್ರ, 160 ಅಲ್ಲ. 30 ಗಂಟೆಗೆ 2.13ರಂತೆ 63.90, ಅದಕ್ಕೆ 120 ಸೇರಿಸಿದರೆ 183.90. ಬರಬೇಕಾದದ್ದು 30 ಗಂಟೆಗೆ 7.25ರಂತೆ 217.50. ಕೊರತೆ 33.60 ಡಾಲರ್. ಅಷ್ಟನ್ನು ಮಾಲೀಕರು ಸೇರಿಸಿ ಕೊಡಬೇಕು.

ಪೇ ಚೆಕ್ ಎರಡು ವಾರಕ್ಕೊಮ್ಮೆ ಬರುವ ಕಡೆ ಈ 33.60 ಸದ್ದಿಲ್ಲದೆ ಮಾಯವಾಗುತ್ತದೆ. ಮುಂದಿನ ವಾರ ಅಷ್ಟೇ ಗಂಟೆಗೆ 300 ಡಾಲರ್ ಉಳಿಯಿತೆನ್ನಿ. ಎರಡೂ ವಾರ ಒಟ್ಟಿಗೆ ಕೂಡಿದರೆ 547.80, ಬರಬೇಕಾದದ್ದು 435. ಕೊರತೆಯೇ ಇಲ್ಲದಂತೆ ಕಾಣುತ್ತದೆ. ಹಾಗೆ ಕೂಡುವಂತಿಲ್ಲ. ಕಾನೂನಿಗೆ ಪ್ರತಿ ವಾರವೂ ಬೇರೆ ಬೇರೆ. ಒಳ್ಳೆಯ ವಾರದ ಟಿಪ್ಸ್‌ನಿಂದ ಖಾಲಿ ವಾರದ ಕೊರತೆ ಮುಚ್ಚಲಾಗದು. ಆದ್ದರಿಂದ ಪ್ರತಿ ವಾರದ ಕೊನೆಗೊಂದು ಗೆರೆ ಎಳೆದು ಅಲ್ಲಲ್ಲೇ ಮೊತ್ತ ಹಾಕಿ.

ಓವರ್‌ಟೈಮ್‌ನಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ವಾರಕ್ಕೆ 40 ಗಂಟೆ ದಾಟಿದ ಮೇಲೆ 2.13ರ ಒಂದೂವರೆ ಪಟ್ಟು, ಅಂದರೆ ಸುಮಾರು 3.20 ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಒಂದೂವರೆ ಪಟ್ಟು ಮಾಡಬೇಕಾದದ್ದು 7.25ನ್ನು. ಅದು 10.875, ಅದರಿಂದ 5.12 ಕಳೆದರೆ ಗಂಟೆಗೆ ಸುಮಾರು 5.76. ಆರು ಗಂಟೆ ಓವರ್‌ಟೈಮ್ ಮಾಡಿದವರಿಗೆ ಈ ಒಂದು ತಪ್ಪಿನಿಂದಲೇ 15 ಡಾಲರಿಗೂ ಹೆಚ್ಚು ಖೋತಾ.

ಟಿಪ್ಸ್ ಕೆಲಸಗಾರರದ್ದು. ಎಲ್ಲರ ಟಿಪ್ಸ್ ಒಟ್ಟುಗೂಡಿಸಿ ಹಂಚಿಕೊಳ್ಳುವುದೇ ಟಿಪ್ ಪೂಲ್. ಟಿಪ್ ಪೂಲ್‌ನಿಂದ ಮಾಲೀಕರಾಗಲಿ ಮ್ಯಾನೇಜರ್ ಆಗಲಿ ಪಾಲು ತೆಗೆದುಕೊಳ್ಳುವಂತಿಲ್ಲ. ಫೆಡರಲ್ ಕಾನೂನಿಗೆ 2018ರಲ್ಲಿ ಆದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಡುಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಪೂಲ್‌ಗೆ ಸೇರಿಸಬಹುದು, ಆದರೆ ಟಿಪ್ ಕ್ರೆಡಿಟ್ ಹಿಡಿಯದೆ ಎಲ್ಲರಿಗೂ ಪೂರ್ತಿ ಕನಿಷ್ಠ ವೇತನ ಕೊಡುವ ಕಡೆ ಮಾತ್ರ. ಕಾರ್ಡ್ ಟಿಪ್ಸ್‌ಗೆ ಬ್ಯಾಂಕ್ ಹಿಡಿದುಕೊಂಡಷ್ಟೇ ಶುಲ್ಕ ಮುರಿಯಬಹುದು. ಶುಲ್ಕ ಶೇ 3 ಇದ್ದರೆ 20 ಡಾಲರ್ ಟಿಪ್‌ನಲ್ಲಿ 60 ಸೆಂಟ್, ಅದಕ್ಕಿಂತ ಹೆಚ್ಚಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಷ್ಟನ್ನೂ ಮುರಿಯುವಂತಿಲ್ಲ. ಬಿಲ್ಲಿಗೆ ಕಡ್ಡಾಯವಾಗಿ ಸೇರಿಸುವ ಸರ್ವಿಸ್ ಚಾರ್ಜ್ ಮಾತ್ರ ಫೆಡರಲ್ ಕಾನೂನಿನಲ್ಲಿ ಟಿಪ್ ಅಲ್ಲ, ಮಾಲೀಕರ ಆದಾಯ. ಊಟಕ್ಕೆ ಹೋದವರು ಬಿಲ್ಲಿನ ಆ ಸಾಲು ನೋಡಿ, ಅದು ಸರ್ವರ್‌ಗೆ ಸೇರುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಒಡೆದ ತಟ್ಟೆ, ದುಡ್ಡು ಕೊಡದೆ ಎದ್ದುಹೋದ ಗಿರಾಕಿ, ಯೂನಿಫಾರ್ಮ್ ಇವುಗಳ ಹೆಸರಿನಲ್ಲಿ 2.13ರ ಸಂಬಳದಿಂದ ಏನನ್ನೂ ಮುರಿಯುವಂತಿಲ್ಲ. ಅದಾಗಲೇ ಕನಿಷ್ಠ, ಅದರ ಕೆಳಗೆ ಇಳಿಯಲು ಜಾಗವಿಲ್ಲ.

ಕೊರತೆ ಕಂಡರೆ ಮೊದಲು ಯಾವ ವಾರ, ಎಷ್ಟು ಗಂಟೆ, ಎಷ್ಟು ಬಾಕಿ ಎಂದು ಬರೆದು ಮಾಲೀಕರಿಗೆ ಮೆಸೇಜ್ ಅಥವಾ ಇಮೇಲ್ ಕಳಿಸಿ; ಬಾಯಿಮಾತಿಗೆ ಪುರಾವೆ ಇರುವುದಿಲ್ಲ. ಸರಿಯಾಗದಿದ್ದರೆ ಫೆಡರಲ್ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್‌ಗೆ 1-866-487-9243ರಲ್ಲಿ ದೂರು ಕೊಡಬಹುದು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ, ದೂರಿಗಾಗಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಬಾಕಿಯ ಜೊತೆಗೆ ಅಷ್ಟೇ ಮೊತ್ತದ ಪರಿಹಾರವೂ ಸಿಗಬಹುದು. ಆದರೆ ಹಿಂದಿನ ಎರಡು ವರ್ಷದ ಬಾಕಿಯನ್ನಷ್ಟೇ ಕೇಳಲು ಸಾಧ್ಯ. ಬೇಕೆಂದೇ ಮಾಡಿದ ತಪ್ಪಾದರೆ ಮೂರು ವರ್ಷ. ತಡಮಾಡಿದರೆ ಹಳೆಯ ವಾರಗಳು ಒಂದೊಂದಾಗಿ ಲೆಕ್ಕದಿಂದ ಜಾರುತ್ತಾ ಹೋಗುತ್ತವೆ.