ಹರ್ನಿಯಾ ಆಪರೇಷನ್‌ಗೆ ನಾನು ತಯಾರಾದ ಬಗೆ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಚೀಲ ಹೊರುವವನಲ್ಲ. ಆದರೂ ಬಲಗಡೆ ತೊಡೆಸಂದಿಯಲ್ಲಿ ಹರ್ನಿಯಾ ಆಯಿತು. ಹಳೆ ಕೆಮ್ಮು ಇದ್ದವರಿಗೆ, ಮುಕ್ಕರಿದು ಸಂಡಾಸ ಮಾಡುವವರಿಗೂ ಇದು ಬರುತ್ತದಂತೆ. ಗಿರಣಿ ಧೂಳಿನಲ್ಲಿ ಕೂತವನಿಗೆ ಕೆಮ್ಮಿಗೇನು ಬರ? ನಿಂತರೆ ನಿಂಬೆಹಣ್ಣಿನಷ್ಟು ಉಬ್ಬು, ಮಲಗಿದರೆ ಮಾಯ. ಮಾತ್ರೆಗೆ ಇದು ಹೋಗುವುದಿಲ್ಲ. ಬೆಲ್ಟ್ ಕಟ್ಟಿದರೂ ಹೋಗುವುದಿಲ್ಲ. ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಹೊರಗೆ ಇಣುಕುತ್ತದೆ, ಅದನ್ನು ಒಳಗೆ ತಳ್ಳಿ ಮೆಶ್ ಅನ್ನುವ ಬಲೆ ಕೂರಿಸಬೇಕು. “ಅವಸರ ಇಲ್ಲ, ಆದ್ರ ಬಿಡಂಗೂ ಇಲ್ಲ. ನಿಮಗ ಯಾವಾಗ ಅನುಕೂಲ ಹೇಳ್ರಿ” ಅಂದರು ಸರ್ಜನ್.

ಅನುಕೂಲದ ತಾರೀಖು ಹುಡುಕುವುದೇ ನಮ್ಮ ಕಡೆ ದೊಡ್ಡ ಕೆಲಸ. ಆಪರೇಷನ್ ಬಳ್ಳಾರಿಯಲ್ಲಿ. ಕಂಪ್ಲಿ ಮೇಲೆ ಹೋಗುವುದು ರೂಢಿ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂನಿಂದ ನದಿಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಆಗ ಹೊಸಪೇಟೆ ಸುತ್ತಿಕೊಂಡು ಬರಬೇಕು. ಹಸಿ ಹೊಲಿಗೆ ಇಟ್ಟುಕೊಂಡು ಆ ಸುತ್ತು ಯಾರಿಗೆ ಬೇಕು? ನವೆಂಬರ್, ಡಿಸೆಂಬರ್‌ನಲ್ಲಿ ಹೊಸ ಭತ್ತ ಬರುತ್ತದೆ, ಸಾವುಕಾರರು ರಜೆ ಕೊಡುವ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮೂರವರಿಗೆ ಹೇಳಬೇಕಿಲ್ಲ. ಉಳಿದದ್ದು ಫೆಬ್ರವರಿ. ಅವ್ವ ಪಂಚಾಂಗ ಕೇಳಿಸಿಕೊಂಡು ಬಂದು “ಅಮಾಸಿ ಒಂದು ಬ್ಯಾಡಪ್ಪ” ಅಂದಳು. ಸರ್ಜನ್ ನಕ್ಕು ಎರಡು ದಿನ ಮುಂದೆ ಹಾಕಿದರು. ಅಷ್ಟಕ್ಕೆ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗುವುದಾದರೆ ವಾದ ಯಾಕೆ?

ಹೀಗೆ ತಾರೀಖು ಕಾಯುವವರು ಒಂದು ಮಾತ್ರ ನೆನಪಿಡಬೇಕು. ಉಬ್ಬು ಗಟ್ಟಿಯಾಗಿ, ನೋವು ಹೆಚ್ಚಾಗಿ, ಮಲಗಿದರೂ ಒಳಗೆ ಹೋಗದೆ, ವಾಂತಿ ಶುರುವಾದರೆ ತಾರೀಖು ಗೀರೀಖು ನೋಡಬಾರದು. ಕರುಳು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಅದು ರಾತ್ರೋರಾತ್ರಿ ಆಸ್ಪತ್ರೆಗೆ ಓಡುವ ಕೆಲಸ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ನನಗೆ ಹೆಲ್ತ್ ಪಾಲಿಸಿ ಇತ್ತು. ಬಹಳಷ್ಟು ಪಾಲಿಸಿಗಳಲ್ಲಿ ಹರ್ನಿಯಾಕ್ಕೆ ಮೊದಲ 2 ವರ್ಷ ದುಡ್ಡು ಸಿಗುವುದಿಲ್ಲ, ನನ್ನದು ಆ ಅವಧಿ ದಾಟಿತ್ತು. ದಾಖಲಾಗುವ ಮುಂಚೆಯೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕಾಗದ ಕೊಟ್ಟು ಮಂಜೂರಾತಿ ತರಿಸಿಕೊಂಡೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಇಂಥ ತುರ್ತಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲರೂ ಸರ್ಜನ್ ಯಾರು, ಅವರ ಕೈ ಹೇಗೆ ಅಂತ ವಿಚಾರಿಸುತ್ತಾರೆ. ಅನಸ್ತೇಶಿಯಾ ಡಾಕ್ಟರ, ಅಂದರೆ ನೋವು ಗೊತ್ತಾಗದಂತೆ ಮರಗಟ್ಟಿಸುವ ಡಾಕ್ಟರ ಹೆಸರು ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಆಪರೇಷನ್‌ನ ತಯಾರಿ ಅಂದರೆ ಮುಕ್ಕಾಲು ಪಾಲು ಅವರ ಮುಂದೆ ಕೂತು ನಿಜ ಹೇಳುವುದು.

ರಕ್ತ, ಇಸಿಜಿ, ಎಕ್ಸ್‌ರೇ ಎಲ್ಲ ಆದ ಮೇಲೆ ಅವರ ಕೋಣೆಗೆ ಕಳಿಸಿದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕ್ಯಾರಿಬ್ಯಾಗಿನಲ್ಲಿ ತುಂಬಿಕೊಂಡು ಹೋಗಿದ್ದೆ. ಹೆಸರು ಬರೆದ ಚೀಟಿಯಲ್ಲ, ಮಾತ್ರೆಯ ಸ್ಟ್ರಿಪ್‌ಗಳನ್ನೇ. ಮೇಜಿನ ಮೇಲೆ ಸುರಿದೆ. ಮೇಡಂ ಒಂದೊಂದೇ ತಿರುಗಿಸಿ ನೋಡಿದರು. ಬಿಪಿಯದು ಆಪರೇಷನ್ ದಿನ ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆ ದಿನ ಬೇಡ. ಸಕ್ಕರೆಗೇ ಕೊಟ್ಟಿದ್ದ ಡಾಪಾಗ್ಲಿಫ್ಲೋಜಿನ್ ಮೂರು ದಿನ ಮುಂಚೆಯೇ ಬಂದ್. ಉಪವಾಸ ಇರುವಾಗ ಅದು ಒಳಗಿದ್ದರೆ, ಸಕ್ಕರೆ ಸರಿ ಕಂಡರೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆಯಂತೆ. ಒಂದೇ ಕಾಯಿಲೆಯ ಎರಡು ಮಾತ್ರೆಗೆ ಎರಡು ಲೆಕ್ಕ! ಇದನ್ನು ನಾವಾಗಿ ಊಹಿಸುವುದು ಸಾಧ್ಯವೇ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಂತೂ ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಬಾರದು, ಮುಂದುವರಿಸಲೂ ಬಾರದು. ಡಾಕ್ಟರು ದಿನ ಹೇಳಬೇಕು. ಬ್ಯಾಗಿನ ತಳದಲ್ಲಿ ಮೊಣಕಾಲಿಗೆ ಅಂತ ಭಾವ ತಂದುಕೊಟ್ಟಿದ್ದ ನಾಟಿ ಪುಡಿ ಇತ್ತು. ಅದನ್ನೂ ಕೇಳಿ ಬರೆದುಕೊಂಡು, ಅವತ್ತಿಂದಲೇ ನಿಲ್ಲಿಸಿದರು.

ಆಮೇಲೆ “ಬಾಯಿ ತೆರೀರಿ” ಅಂದರು. ತೆರೆದೆ. “ಇನ್ನೂ.” ಅಷ್ಟೇ ಬರುವುದು. “ನಿಮ್ಮ ಮೂರು ಬೆರಳು ಅಡ್ಡ ಜೋಡಿಸಿ ಹಲ್ಲಿನ ನಡುವ ಇಡ್ರಿ.” ಎರಡು ಸಲೀಸಾಗಿ ಹೋದವು, ಮೂರನೆಯದು ಬಿಗಿಯಾಯಿತು.

“ಗುಟ್ಕಾ ಎಷ್ಟು ವರ್ಷಾತು?”

“ಹದಿನೈದಿರಬೇಕ್ರಿ ಮೇಡಂ.”

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳಿಗೆ ಐದು ಅಂತ ಗೊತ್ತಿತ್ತು. ಅದು ಬೇರೆ ಪಂಚಾಯಿತಿ.

ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಭಾಗ ಬಿಗಿಯಾಗುತ್ತಾ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ನನಗೆ ಕೊಡುವುದು ಬೆನ್ನಿನ ಇಂಜೆಕ್ಷನ್, ಬಾಯಿಗೇನು ಸಂಬಂಧ ಅಂತ ಕೇಳಿದೆ. ಅದು ಸರಿಯಾಗಿ ಹತ್ತದಿದ್ದರೆ ಪೂರ್ತಿ ಮಲಗಿಸಬೇಕಾಗುತ್ತದೆ, ಆಗ ಗಂಟಲಲ್ಲಿ ಉಸಿರಿನ ನಳಿಗೆ ಇಳಿಸಬೇಕು, ಬಾಯಿ ತೆರೆಯದಿದ್ದರೆ ಅದು ಕಷ್ಟ. ಮುಂಚೆ ಗೊತ್ತಿದ್ದರೆ ಅದಕ್ಕೆ ಬೇಕಾದ ಬೇರೆ ಉಪಕರಣ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಮೇಜಿನ ಮೇಲೆ ಮಲಗಿಸಿದ ಮೇಲೆ ಗೊತ್ತಾದರೆ? ನಮ್ಮ ಗಿರಣಿಯಲ್ಲಿ ಹಮಾಲರಿಂದ ಹಿಡಿದು ಡ್ರೈವರ್ ತನಕ ಯಾರ ಬಾಯಿ ಖಾಲಿ ಇರುತ್ತದೆ ಹೇಳಿ. ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಅಂದಿನಿಂದ ಗುಟ್ಕಾ ಬಿಡಿಸಿದರು. ಬೀಡಿ, ಸಿಗರೇಟ್ ಇದ್ದವರು ನಾಲ್ಕು ವಾರ ಮುಂಚೆಯಾದರೂ ಬಿಟ್ಟರೆ ಒಳ್ಳೆಯದು, ಎದೆ ಹಗುರವಾಗುತ್ತದೆ, ಗಾಯವೂ ಚೆನ್ನಾಗಿ ಮಾಯುತ್ತದೆ. ನನ್ನ ಕೆಮ್ಮಿಗೂ ಔಷಧ ಶುರುವಾಯಿತು. ಹೊಲಿಗೆ ಹಾಕಿಸಿಕೊಂಡು ಕೆಮ್ಮುತ್ತಾ ಕೂತರೆ ಏನು ಉಪಯೋಗ?

ನಾವು ರೂಢಿಯಂತೆ ಮಾಡುವ ಕೆಲವು ಕೆಲಸ ಆಪರೇಷನ್‌ಗೆ ಹೋಗುವಾಗ ಬೇಡ. ಒಂದು, ಮನೆಯಲ್ಲೇ ಬ್ಲೇಡ್ ಹಿಡಿದು ಕೂದಲು ತೆಗೆಯುವುದು. ಕಣ್ಣಿಗೆ ಕಾಣದ ಗೀರು ಬಿದ್ದು ಸೋಂಕಿಗೆ ದಾರಿಯಾಗುತ್ತದೆ. ಬೇಕಾದಷ್ಟನ್ನು ಆಸ್ಪತ್ರೆಯಲ್ಲೇ ಮಶೀನಿನಿಂದ ಕತ್ತರಿಸುತ್ತಾರೆ. ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ ಹೋದರೆ ಸಾಕು. ಇನ್ನೊಂದು ಉಡದಾರ. ನನ್ನದು ಬೆಳ್ಳಿಯದು, ಮದುವೆಯಾದಾಗಿನಿಂದ ಬಿಚ್ಚಿದ್ದಿಲ್ಲ. ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುವುದರಿಂದ ಮೈಮೇಲೆ ಲೋಹ ಇರಬಾರದು. ಉಂಗುರವೂ ಅಷ್ಟೇ. ಅಲ್ಲಿ ಹೋಗಿ ಸಿಸ್ಟರ್ ಕೈಲಿ ಕತ್ತರಿಸಿಕೊಳ್ಳುವ ಬದಲು ಊರಲ್ಲೇ ಅಕ್ಕಸಾಲಿಗರ ಹತ್ತಿರ ಕೊಂಡಿ ಬಿಡಿಸಿಕೊಂಡೆ. ಅವ್ವನ ಸಮಾಧಾನಕ್ಕೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ಬಂದೆವು.

ಹಿಂದಿನ ರಾತ್ರಿ ಅನ್ನ, ತಿಳಿಸಾರು. ಆಪರೇಷನ್‌ಗೆ 6 ಗಂಟೆ ಮುಂಚೆ ಊಟ ನಿಲ್ಲಬೇಕು, ಎಣ್ಣೆ ಪದಾರ್ಥ ತಿಂದಿದ್ದರೆ ಇನ್ನೂ ಜಾಸ್ತಿ ಹೊತ್ತು. ಬರೀ ನೀರು 2 ಗಂಟೆ ಮುಂಚಿನ ತನಕ ನಡೆಯುತ್ತದೆ. ನಮ್ಮವರ ತೊಂದರೆ ಇರುವುದು ಚಹಾದಲ್ಲಿ. ಬೆಳಗ್ಗೆ ನೋಡಲು ಬಂದ ಮಾವನವರು ಫ್ಲಾಸ್ಕ್ ತೆಗೆದು “ಅರ್ಧ ಕಪ್ ಚಾ ಕುಡದ್ರ ಏನಾಕ್ಕೈತಪ?” ಅಂದರು. ಹಾಲು ಹಾಕಿದ ಚಹಾ ಊಟದ ಲೆಕ್ಕವೇ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಕುಡಿದು ಡಾಕ್ಟರಿಗೆ ಹೇಳದೆ ಸುಮ್ನೆ ಇದ್ದುಬಿಡುವುದು ಇನ್ನೂ ಅಪಾಯ. ಸಕ್ಕರೆ ಕಾಯಿಲೆಯವರು ಆ ದಿನದ ಆಪರೇಷನ್ ಪಟ್ಟಿಯಲ್ಲಿ ಮೊದಲ ಹೆಸರು ತಮ್ಮದಿರಲಿ ಅಂತ ಕೇಳಿಕೊಳ್ಳಬಹುದು. ನಾನು ಕೇಳಿದೆ, ಕೊಟ್ಟರು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಓದಿದೆ. ಬಲಗಡೆ ಅಂತ ಬರೆದಿದೆಯೋ ಇಲ್ಲವೋ ನೋಡಿಯೇ ಸಹಿ ಹಾಕಿದೆ. ಸರ್ಜನ್ ಬಂದು ಅದೇ ಬದಿಗೆ ಪೆನ್ನಿನಿಂದ ಗುರುತು ಹಾಕಿದರು.

ಮನೆಯ ತಯಾರಿ ಹೆಂಡತಿಯದು. ನಮ್ಮದು ಕೆಳಗೆ ಕೂರುವ ಸಂಡಾಸ, ಅದಕ್ಕೆ ಮೆಡಿಕಲ್ ಅಂಗಡಿಯಿಂದ ಕಮೋಡ್ ಕುರ್ಚಿ ಬಾಡಿಗೆಗೆ ತಂದಿಟ್ಟಿದ್ದಳು. ಮುಕ್ಕರಿಯುವ ಪ್ರಸಂಗ ಬರಬಾರದು ಅಂತ ರಾತ್ರಿ ಇಸಬ್‌ಗೋಲ್. ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತಲು ಒಂದೂವರೆ ತಿಂಗಳು ತಮ್ಮನ ಮಗನನ್ನು ಒಪ್ಪಿಸಿದ್ದಾಯಿತು. ಬೈಕಿನ ಕೀಲಿಯನ್ನೂ ಅವನಿಗೇ ಕೊಟ್ಟಳು. ಪೆಟ್ರೋಲ್ ಖರ್ಚು ಮಾತ್ರ ನನ್ನ ಲೆಕ್ಕಕ್ಕೆ.